ಕರಡಿಯ ಚರ್ಮದ ಲಾಭ

ಕರಡಿ ಬಂದಾಗ ಒಬ್ಬ ಗೆಳೆಯ ಮರ ಹತ್ತಿದ, ಇನ್ನೊಬ್ಬ ಸತ್ತವನಂತೆ ಮಲಗಿದ ಎಂಬ ಕಥೆಯನ್ನು ಪ್ರಾಥಮಿಕ ಶಾಲೆಯಲ್ಲಿ ಓದದವರು ಕಡಿಮೆ. ಫ್ರಾನ್ಸಿನ ಲಾ ಫಾಂಟೇನ್ ಹೇಳಿದ ಕಥೆಯಲ್ಲಿ ಒಂದು ಎಳೆ ಹೆಚ್ಚು. ಆ ಇಬ್ಬರೂ ಇನ್ನೂ ಹಿಡಿಯದ ಕರಡಿಯ ಚರ್ಮವನ್ನು ಮೊದಲೇ ವ್ಯಾಪಾರಿಗೆ ಮಾರಿಬಿಟ್ಟಿರುತ್ತಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ! 1904ರಲ್ಲಿ ಪ್ಯಾರಿಸಿನ ಹದಿಮೂರು ಮಂದಿ ಸೇರಿ ಚಿತ್ರಗಳ ಮೇಲೆ ಹಣ ಹೂಡುವ ಕೂಟವೊಂದನ್ನು ಕಟ್ಟಿದಾಗ, ತಮ್ಮನ್ನೇ ಹಾಸ್ಯ ಮಾಡಿಕೊಂಡು ಇಟ್ಟ ಹೆಸರು ‘ಕರಡಿಯ ಚರ್ಮ’.

ಕೂಟದ ಮುಂದಾಳು ಆಂದ್ರೆ ಲೆವೆಲ್ ಎಂಬ ವ್ಯವಹಾರಸ್ಥ. ಉಳಿದವರು ಅವನ ಬಂಧುಗಳು, ಗೆಳೆಯರು. ಹನ್ನೊಂದು ಪಾಲು, ಪಾಲಿಗೆ ವರ್ಷಕ್ಕೆ 250 ಫ್ರಾಂಕ್. ಹೆಚ್ಚುಕಡಿಮೆ ನಮ್ಮ ಚೀಟಿಯ ವ್ಯವಹಾರದಂತೆಯೇ. ಹೀಗೆ ಸೇರಿದ ಹಣದಲ್ಲಿ ಇನ್ನೂ ಹೆಸರು ಮಾಡದ ಕಲಾವಿದರ ಕೃತಿಗಳನ್ನು ಕೊಳ್ಳುವುದು, ಅವನ್ನು ಸದಸ್ಯರ ಮನೆಗಳಲ್ಲಿ ತೂಗುಹಾಕುವುದು, ಹತ್ತು ವರ್ಷವಾದ ಮೇಲೆ ಎಲ್ಲವನ್ನೂ ಹರಾಜು ಹಾಕುವುದು ಎಂದು ಕರಾರಾಯಿತು. ಹೆಸರಾದವರ ಚಿತ್ರ ಕೊಳ್ಳುವಷ್ಟು ದುಡ್ಡು ಅವರಲ್ಲಿರಲಿಲ್ಲ. ಹಾಗಾಗಿ ಕಣ್ಣನ್ನೇ ನಂಬಬೇಕಾಯಿತು.

1908ರಲ್ಲಿ ಪಿಕಾಸೊ ಎಂಬ ತರುಣನ ದೊಡ್ಡದೊಂದು ಚಿತ್ರಕ್ಕೆ ಲೆವೆಲ್ 1,000 ಫ್ರಾಂಕ್ ಕೊಟ್ಟ. ಊರೂರು ಅಲೆಯುವ ಸರ್ಕಸ್ಸಿನವರ ಚಿತ್ರ ಅದು. 1914ರ ಮಾರ್ಚ್ 2ರಂದು ಪ್ಯಾರಿಸಿನ ದ್ರುಓ ಹರಾಜು ಭವನದಲ್ಲಿ ಅದೊಂದೇ 11,500 ಫ್ರಾಂಕಿಗೆ ಹೋಯಿತು. ಚಕ್ರಬಡ್ಡಿಯ ಲೆಕ್ಕ ಕಲಿತ ವಿದ್ಯಾರ್ಥಿಗಳು ಹಾಕಿ ನೋಡಲಿ: ವರ್ಷಕ್ಕೆ ಸುಮಾರು ಶೇಕಡ 50! ಖರೀದಿಗೆಂದು ಹತ್ತು ವರ್ಷದಲ್ಲಿ ಕೂಡಿಸಿದ್ದು 27,500 ಫ್ರಾಂಕ್. ಹರಾಜಿನಲ್ಲಿ ಬಂದದ್ದು 1 ಲಕ್ಷ 16 ಸಾವಿರಕ್ಕೂ ಮಿಕ್ಕಿ. ಆ ಸರ್ಕಸ್ಸಿನವರು ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದ್ದಾರೆ.

ಇದನ್ನು ಓದಿ ಬ್ಯಾಂಕಿನ ಠೇವಣಿ ಮುರಿಸಲು ಹೊರಡುವವರು ಕೊಂಚ ತಡೆಯಬೇಕು. ಹರಾಜಾದ ಐದೇ ತಿಂಗಳಿಗೆ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಕರಾರು ಹನ್ನೊಂದು ವರ್ಷದ್ದಾಗಿದ್ದರೆ ಆ ಬೆಲೆ ಎಲ್ಲಿಂದ ಬರಬೇಕಿತ್ತು? ಚಿತ್ರಕ್ಕೆ ಬಡ್ಡಿಯಿಲ್ಲ, ಬಾಡಿಗೆಯಿಲ್ಲ; ಮಾರಿದ ದಿನವಷ್ಟೇ ಹಣ. ಬ್ರಿಟನ್ನಿನ ರೈಲ್ವೆ ನೌಕರರ ಪಿಂಚಣಿ ನಿಧಿ ಕೂಡ 1974ರಿಂದ ಸುಮಾರು 4 ಕೋಟಿ ಪೌಂಡನ್ನು ಕಲಾಕೃತಿಗಳಿಗೆ ಹಾಕಿತು. ಸಲಹೆಗೆ ಪರಿಣತರಿದ್ದರು. ಮಾರಿ ಲೆಕ್ಕ ನೋಡಿದಾಗ ಸಿಕ್ಕ ಪ್ರತಿಫಲ ವರ್ಷಕ್ಕೆ ಶೇಕಡ 11ರಷ್ಟು. ಬೆಲೆಯೇರಿಕೆ ಕಳೆದರೆ ಉಳಿದದ್ದು ಸುಮಾರು 4. ನಷ್ಟವೇನಲ್ಲ, ಆದರೆ ಪಿಕಾಸೊ ಕಥೆಯೂ ಅಲ್ಲ.

ಪ್ಯಾರಿಸಿನ ಕೂಟವನ್ನು ಇಂದಿಗೂ ನೆನೆಯಬೇಕಾದದ್ದು ಬೇರೆ ಕಾರಣಕ್ಕೆ. ಲಾಭದಲ್ಲಿ ಶೇಕಡ 20ನ್ನು ಅವರು ಚಿತ್ರ ಬರೆದವರಿಗೇ ಹಂಚಿದರು. ಹಾಗೆ ಕೊಡಬೇಕೆಂದು ಯಾವ ಕಾನೂನೂ ಆಗ ಹೇಳಿರಲಿಲ್ಲ. ಚಿತ್ರ ಒಮ್ಮೆ ಕೈಬಿಟ್ಟರೆ ಮುಗಿಯಿತು. ಬರೆದವನು ಬಾಡಿಗೆ ಕೋಣೆಯಲ್ಲಿ, ಅವನ ಚಿತ್ರ ಲಕ್ಷದ ಅರಮನೆಯಲ್ಲಿ. ಮರುಮಾರಾಟದಲ್ಲಿ ಕಲಾವಿದನಿಗೂ ಪಾಲಿದೆ ಎಂಬ ಕಾನೂನನ್ನು ಫ್ರಾನ್ಸ್ ತಂದದ್ದು 1920ರಲ್ಲಿ.

ನಮ್ಮ ದೇಶದಲ್ಲೂ ಅದು ಇದೆ ಎಂದರೆ ಅನೇಕರಿಗೆ ಅಚ್ಚರಿಯಾದೀತು. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಲ್ಲಿ 53ಎ ಎಂಬ ಕಲಮು ಸೇರಿತು. ಚಿತ್ರವೊಂದು ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದ ಅಥವಾ ಅವನ ವಾರಸುದಾರರು ಆ ಬೆಲೆಯಲ್ಲಿ ಪಾಲು ಕೇಳಬಹುದು. ಹೆಚ್ಚೆಂದರೆ ಶೇಕಡ 10. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತ ಬಂದಿರುವ ಚಿತ್ರಸಂತೆಯಲ್ಲಿ ಕುಳಿತು ಚಿತ್ರ ಮಾರುವ ಹುಡುಗ ಹುಡುಗಿಯರಿಗೂ ಈ ಹಕ್ಕು ಅನ್ವಯಿಸುತ್ತದೆ. ಮಗಳ ಚಿತ್ರವನ್ನು ಯಾರಾದರೂ ಕೊಂಡಾಗ, ಯಾವ ಚಿತ್ರ, ಯಾರಿಗೆ, ಎಷ್ಟಕ್ಕೆ, ಯಾವ ದಿನ ಎಂದು ತಂದೆತಾಯಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಮುಂದೆಂದೋ ಪಾಲು ಕೇಳುವಾಗ ಆ ಪುಟ ಬೇಕಾದೀತು.