ತಂಪು ಮಾಡುವ ಮುನ್ನ ಗೋಡೆಯ ತೇವ ನೋಡಿ

ಮಲೆನಾಡಿನ ವನಗೂರು ಸೀಮೆಯ ಹಳೆಯ ಹೆಂಚಿನ ಮನೆಗಳಲ್ಲಿ ಮಳೆಗಾಲ ಹಿಡಿಯಿತೆಂದರೆ ಒಲೆ ಆರುತ್ತಿರಲಿಲ್ಲ. ಅಡುಗೆಮನೆಯಲ್ಲೊಂದು, ಬಚ್ಚಲಲ್ಲಿ ಹಂಡೆಯ ಕೆಳಗೊಂದು ಉರಿಯುತ್ತಲೇ ಇರುತ್ತಿದ್ದವು. ಅದು ಮೈ ಕಾಯಿಸಿಕೊಳ್ಳುವುದಕ್ಕಷ್ಟೇ ಅಲ್ಲ. ಒಲೆಯ ಬಿಸಿ ಅಟ್ಟಕ್ಕೇರಿ, ತೊಲೆ ರೀಪುಗಳನ್ನು ಒಣಗಿಸಿ, ಹೆಂಚಿನ ಸಂದಿಯಿಂದ ಆಚೆ ಹೋಗುತ್ತಿತ್ತು. ಅಟ್ಟದ ಮೇಲಿನ ಏಲಕ್ಕಿ, ಮೆಣಸು ಮುಗ್ಗಲಾಗುತ್ತಿರಲಿಲ್ಲ. ಗ್ಯಾಸ್ ಬಂತು, ಹೊಗೆ ಹೋಯಿತು. ಹೆಂಗಸರ ಕಣ್ಣಿಗೂ ಎದೆಗೂ ಅದರಿಂದ ಆದ ಉಪಕಾರ ದೊಡ್ಡದು. ಆದರೆ ಒಲೆ ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ಯಾರಿಗೂ ವಹಿಸಲಿಲ್ಲ. ತೊಲೆಗಳು ಬೂಷ್ಟು ಹಿಡಿದವು, ಗೆದ್ದಲು ಹತ್ತಿತು.

ಒಲೆಯ ಆ ಕೆಲಸದ ಹಿಂದಿನ ಲೆಕ್ಕ ಸರಳ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶೇ 90ರಷ್ಟು ತೇವಾಂಶ ಇರುವ ಗಾಳಿಯನ್ನು 25 ಡಿಗ್ರಿಗೆ ಬಿಸಿ ಮಾಡಿದರೆ, ಒಂದು ಹನಿ ನೀರನ್ನೂ ತೆಗೆಯದೆ, ಅದರ ತೇವಾಂಶ ಸುಮಾರು ಶೇ 66ಕ್ಕೆ ಇಳಿಯುತ್ತದೆ. ಬೂಷ್ಟು ಹಬ್ಬಲು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿನ ತೇವ ಬೇಕು. ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ಇದೇ ಸೂತ್ರವನ್ನು ತನ್ನ ಹಳೆಯ ಬಂಗಲೆಗಳಲ್ಲಿ ಅನುಸರಿಸುತ್ತದೆ. ಅಲ್ಲಿನ ಹೀಟರುಗಳು ಹೊತ್ತುವುದು ಚಳಿ ನೋಡಿ ಅಲ್ಲ, ತೇವ ನೋಡಿ.

ನಮ್ಮ ನಗರಗಳ ಪಾರಂಪರಿಕ ಕಟ್ಟಡಗಳಿಗೆ ಹವಾನಿಯಂತ್ರಣ ಅಳವಡಿಸುವಾಗ ಕೇಳದೇ ಉಳಿಯುವ ಪ್ರಶ್ನೆ ಇದೇ. ಸೆಕೆ ಎಷ್ಟು ಎಂದು ನೋಡುತ್ತಾರೆ. ಕೋಣೆ ಅಳೆದು ಇಷ್ಟು ಟನ್ ಬೇಕು ಎಂದು ಬರೆಯುತ್ತಾರೆ. ಗೋಡೆಯಲ್ಲಿ ತೇವ ಎಷ್ಟಿದೆ, ಅದು ಯಾವ ಕಡೆಗೆ ಚಲಿಸುತ್ತಿದೆ ಎಂದು ನೋಡುವುದಿಲ್ಲ.

ಬೆಂಗಳೂರಿನ ಅಠಾರಾ ಕಚೇರಿಯನ್ನೇ ತೆಗೆದುಕೊಳ್ಳಿ. 1868ರಲ್ಲಿ ಪೂರ್ಣಗೊಂಡಾಗ ಊರಿಗೆ ವಿದ್ಯುತ್ ಬಂದಿರಲಿಲ್ಲ. ಹದಿನೆಂಟು ಇಲಾಖೆಗಳು ಕೂರಬೇಕಿದ್ದ ಆ ಕಟ್ಟಡದ ದಪ್ಪ ಗೋಡೆ, ಎತ್ತರದ ಮಾಡು, ಕಂಬಸಾಲಿನ ಉದ್ದನೆಯ ವರಾಂಡಗಳೇ ಅದರ ತಂಪಿನ ವ್ಯವಸ್ಥೆ. ಆ ಕಾಲದ ಕಟ್ಟಡಗಳಲ್ಲಿ ಬಿಸಿಗಾಳಿ ಮೇಲೇರಿ ಗವಾಕ್ಷಿಯಿಂದ ಹೊರಟರೆ, ತಣ್ಣನೆಯ ಗಾಳಿ ಕೆಳಗಿನ ಕಿಟಕಿಯಿಂದ ಒಳಬರುತ್ತಿತ್ತು. ಸಕಲೇಶಪುರದ ಮಂಜರಾಬಾದ್ ಕೋಟೆಯ ಮದ್ದಿನ ನೆಲಮಾಳಿಗೆಗೆ ಬೇಸಿಗೆಯ ಮಧ್ಯಾಹ್ನ ಇಳಿದವರಿಗೆ ದಪ್ಪ ಗೋಡೆಯ ಶಕ್ತಿ ಏನೆಂದು ಹೇಳಿಕೊಡಬೇಕಿಲ್ಲ. 1792ರಲ್ಲಿ ಟಿಪ್ಪು ಕಟ್ಟಿಸಿದ ಆ ಮಾಳಿಗೆ ಇಂದಿಗೂ ತಂಪು.

ಆ ಕಾಲದ ಇಂಥ ಕೋಣೆಗೆ ಎಸಿ ಬಂದಾಗ ಏನಾಗುತ್ತದೆ? ಫಾಲ್ಸ್ ಸೀಲಿಂಗ್ ಗವಾಕ್ಷಿಯನ್ನು ನುಂಗುತ್ತದೆ. ಕಿಟಕಿಗೆ ಪ್ಲೈವುಡ್ ಬಡಿಯುತ್ತಾರೆ. ತಾಮ್ರದ ಪೈಪಿಗೆ ಗಾರೆಗೋಡೆ ಕೊರೆಯುತ್ತಾರೆ. ಡ್ರೈನ್ ಪೈಪಿನ ನೀರು ವರ್ಷಗಟ್ಟಲೆ ಗೋಡೆಗೇ ಜಿನುಗುತ್ತದೆ. ಇವು ಕಣ್ಣಿಗೆ ಕಾಣುವ ಹಾನಿ. ಕಾಣದ ಹಾನಿ ಇದಕ್ಕಿಂತ ಹೆಚ್ಚು. ಮಳೆಗಾಲದ ದಿನ ಹೊರಗೆ 25 ಡಿಗ್ರಿ, ತೇವಾಂಶ ಶೇ 85 ಇದೆ ಎನ್ನಿ. ಆ ಗಾಳಿ ಸುಮಾರು 22 ಡಿಗ್ರಿಗಿಂತ ತಣ್ಣಗಿನ ಯಾವುದೇ ಮೈಗೆ ತಾಗಿದರೂ ಹನಿಗಟ್ಟುತ್ತದೆ. ದಿನವಿಡೀ 20ಕ್ಕೆ ತಂಪಾದ ಕೋಣೆಯ ಎಸಿಯನ್ನು ಸಂಜೆ ಆರಿಸಿ ಸಿಬ್ಬಂದಿ ಮನೆಗೆ ಹೋಗುತ್ತಾರೆ. ಹೊರಗಿನ ಒದ್ದೆ ಗಾಳಿ ನುಗ್ಗಿ ತಣ್ಣನೆಯ ಗೋಡೆ, ಮರ, ಕಡತಗಳ ಮೇಲೆ ಕೂರುತ್ತದೆ. ಸುಣ್ಣದ ಗಾರೆ ಈ ನೀರನ್ನು ಹೀರಿ ಮತ್ತೆ ಬಿಟ್ಟುಕೊಡಬಲ್ಲದು. ಆದರೆ ನಾವು ಅದರ ಮೇಲೆ ಸಿಮೆಂಟ್ ಬಳಿದು ಎಣ್ಣೆ ಬಣ್ಣ ಹೊಡೆದಿರುತ್ತೇವೆ. ಒಳಗೆ ಸಿಕ್ಕಿಬಿದ್ದ ನೀರು ಉಪ್ಪನ್ನು ಮೇಲಕ್ಕೆ ತರುತ್ತದೆ, ಉಪ್ಪು ಹರಳುಗಟ್ಟಿ ಗಾರೆ ಉದುರಿಸುತ್ತದೆ. ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಶತಮಾನ ದಾಟಿದ ಕಟ್ಟಡದ ಭಾಗ 2022ರ ಅಕ್ಟೋಬರಿನ ಮಳೆಯಲ್ಲಿ ಕುಸಿದದ್ದನ್ನು ನೆನೆಯಿರಿ. ಅಲ್ಲಿನದು ಮಳೆನೀರು, ಎಸಿಯ ನೀರಲ್ಲ. ಆದರೆ ಹಳೆಯ ಗೋಡೆಗೆ ನೀರು ಎಲ್ಲಿಂದ ಬಂದರೂ ನೀರೇ.

ಹಾಗೆಂದು ಹಳೆಯ ಕಟ್ಟಡದಲ್ಲಿ ಕೆಲಸ ಮಾಡುವವರು ಏಪ್ರಿಲ್ ಸೆಕೆಯಲ್ಲಿ ಬೇಯಲಿ ಎಂದು ನಾನು ಹೇಳಲಾರೆ. ಕೆಲವು ಸಂಗ್ರಹಗಳಿಗಂತೂ ಹದವಾದ ಹವೆ ಬೇಕೇ ಬೇಕು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ತಾಳೆಗರಿಗಳಿವೆ. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಬಂದದ್ದು ಅಲ್ಲಿನ ಗರಿಗಳಿಂದಲೇ. ತಾಳೆಗರಿ ತೀರಾ ಒಣಗಿದರೆ ಸೀಳುತ್ತದೆ, ನೆನೆದರೆ ಹುಳು ಹಿಡಿಯುತ್ತದೆ. ಅದಕ್ಕೆ ಹಗಲೂ ರಾತ್ರಿ ಒಂದೇ ಹದ ಬೇಕು. ಕಚೇರಿ ವೇಳೆಯಲ್ಲಿ ಮಾತ್ರ ಓಡುವ ಎಸಿ, ಎಸಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ನಲ್ಲಿ 2014ರಲ್ಲಿ ಹೊಸ ಹವಾ ವ್ಯವಸ್ಥೆ ಅಳವಡಿಸಿದಾಗ ಯಂತ್ರವೊಂದನ್ನೇ ನಂಬಲಿಲ್ಲ. ಒಳಗಿರುವ ಜನರ ಸಂಖ್ಯೆಗೆ ತಕ್ಕಂತೆ ಅದು ಹೊಂದಿಕೊಳ್ಳುತ್ತದೆ, ಒಮ್ಮೆಗೆ 700 ಮಂದಿ ಎಂಬ ಮಿತಿಯೂ ಇದೆ. ಮೈಕೆಲೇಂಜೆಲೊನ ಚಿತ್ರಕ್ಕೆ ಜನರ ಉಸಿರಿನ ತೇವವೂ ಶತ್ರು ಎಂದು ಅವರು ಅರಿತಿದ್ದಾರೆ.

ನಮ್ಮಲ್ಲಿ ಅಷ್ಟು ದುಬಾರಿ ಯಂತ್ರಕ್ಕೆ ಮೊದಲು ಆಗಬೇಕಾದ ಕೆಲಸ ಅಗ್ಗದ್ದು. ಸೋರುವ ಮಾಡು, ಕಟ್ಟಿಕೊಂಡ ಮಳೆನೀರಿನ ದೋಣಿ ಸರಿಪಡಿಸಿ, ಮುಚ್ಚಿದ ಗವಾಕ್ಷಿ ತೆರೆದು, ಸಿಮೆಂಟ್ ಕೆತ್ತಿ ಸುಣ್ಣದ ಗಾರೆ ಹಾಕಿ, ಒಳ್ಳೆಯ ಫ್ಯಾನ್ ತೂಗುಹಾಕಿದರೆ ಎಷ್ಟೋ ಕೋಣೆಗಳಿಗೆ ಎಸಿಯೇ ಬೇಡವಾದೀತು. ಆಮೇಲೂ ಬೇಕೆನಿಸಿದರೆ ಯಂತ್ರ ನೆಲದ ಮೇಲಿರಲಿ, ಪೈಪು ಈಗಾಗಲೇ ಇರುವ ಕಿಂಡಿಯಲ್ಲಿ ಸಾಗಲಿ, ನಾಳೆ ಕಳಚಿದರೆ ಗೋಡೆಯಲ್ಲಿ ಗುರುತು ಉಳಿಯದಿರಲಿ.

ಲೋಕೋಪಯೋಗಿ ಮತ್ತು ಪುರಾತತ್ವ ಇಲಾಖೆಗಳಿಗೆ ನನ್ನದೊಂದೇ ಬೇಡಿಕೆ: ಪಾರಂಪರಿಕ ಕಟ್ಟಡದಲ್ಲಿ ಎಸಿಗೆ ಟೆಂಡರ್ ಕರೆಯುವ ಮೊದಲು ಆ ಕೋಣೆಯ ಉಷ್ಣತೆ ಮತ್ತು ತೇವಾಂಶವನ್ನು ಒಂದು ಪೂರ್ತಿ ವರ್ಷ ದಾಖಲಿಸುವುದು ಕಡ್ಡಾಯವಾಗಲಿ. ಅದಕ್ಕೆ ಬೇಕಾದ ಉಪಕರಣ ಅಂಗೈಯಗಲದ್ದು, ಅದರ ಬೆಲೆ ಒಂದು ಎಸಿಯ ಬೆಲೆಗಿಂತ ಎಷ್ಟೋ ಕಡಿಮೆ. ಆದೇಶ ಮುಂದಿನ ಮಳೆಗಾಲಕ್ಕೆ ಮೊದಲೇ ಹೊರಡಲಿ.