‘ಬ್ಯಾಡ’ ಅನ್ನುವುದಕ್ಕೂ ಕಿವಿ ಬೇಕು

ಕಳೆದ ವರ್ಷ ರಾಯಚೂರಿನ ನಮ್ಮ ಮದ್ರಸದ ವಾರ್ಷಿಕ ಕಾರ್ಯಕ್ರಮದಲ್ಲಿ ಮಕ್ಕಳಿಂದ ಒಂದು ಸಣ್ಣ ನಾಟಕ ಆಡಿಸಿದೆವು. ಕರಾವಳಿಯಿಂದ ಬಂದು ಹೋಟೆಲ್ ಇಟ್ಟ ಬ್ಯಾರಿಗೂ ಮಾನ್ವಿಯ ರೈತನಿಗೂ ನಡೆಯುವ ಮಾತುಕತೆ. ಬ್ಯಾರಿಯ ಪಾತ್ರ ದೇವದುರ್ಗದ ಹುಡುಗನಿಗೆ, ರೈತನ ಪಾತ್ರ ರಜೆಗೆ ಊರಿಂದ ಬಂದಿದ್ದ ನಮ್ಮ ಮಗನಿಗೆ. ಅವನು ಮಾತಿಗೊಮ್ಮೆ ‘ಎಂತ ಮಾರಾಯ್ರೇ’ ಅಂದ, ಇವನು ಮಾತಿಗೊಮ್ಮೆ ‘ಬ್ಯಾಡ್ರೀ’ ಅಂದ. ಸಭೆ ಚೆನ್ನಾಗಿ ನಕ್ಕಿತು.

ಮುಗಿದ ಮೇಲೆ ಮಾನ್ವಿಯ ಹಿರಿಯರೊಬ್ಬರು ಹತ್ತಿರ ಬಂದರು. “ಹಜರತ್, ಹುಡುಗ ಚಲೋ ಮಾಡ್ಯಾನ್ರಿ. ಆದ್ರ ನಾವು ಹಂಗ ಮಾತಾಡಂಗಿಲ್ಲ” ಎಂದರು. ಸಿಟ್ಟಿನಿಂದಲ್ಲ, ಮೆಲ್ಲಗೆ. ಅದೇ ನಮಗೆ ಹೆಚ್ಚು ನಾಟಿತು.

ತಪ್ಪು ಎಲ್ಲಿ ಆಯಿತು ಎಂದು ಆಮೇಲೆ ಯೋಚಿಸಿದೆವು. ನಾಟಕ ಬರೆದುಕೊಟ್ಟದ್ದು ನಾವೇ. ‘ಬೇಡ’ ಎಂಬಲ್ಲಿ ‘ಬ್ಯಾಡ’ ಎಂದು ಬರೆದಿದ್ದೆವು. ಎಲ್ಲರೂ ಹಾಗೆಯೇ ಬರೆಯುತ್ತಾರೆ. ಮಗ ಅಕ್ಷರ ನೋಡಿ, ಬಕಾರದ ಕೆಳಗಿನ ಯಕಾರವನ್ನು ಒತ್ತಿ ಹೇಳಿದ. ಇಲ್ಲಿನವರ ಬಾಯಲ್ಲಿ ಅಲ್ಲಿ ಯಕಾರವೇ ಇಲ್ಲ. ಅದು ‘ಆ’ಗೂ ‘ಏ’ಗೂ ನಡುವೆ ಇರುವ ಒಂದೇ ಸ್ವರ. ‘ಬ್ಯಾಂಕ್’ ಎನ್ನುವಾಗ ಬರುತ್ತದಲ್ಲ, ಸುಮಾರು ಅದೇ. ಬ್ಯಾಳಿ, ಮ್ಯಾಲ, ಪ್ಯಾಟಿ ಎಲ್ಲದರಲ್ಲೂ ಅದೇ ಸ್ವರ ಉಂಟು. ದೇವದುರ್ಗದ ಹುಡುಗನ ಕಥೆಯೂ ಅಷ್ಟೇ. ‘ಮಾರಾಯ್ರೇ’ ಸೇರಿಸಿದ, ಆದರೆ ‘ಮನಿಗೆ ಬರ್ತೀನಿ’ ಅಂದ. ನಮ್ಮ ಮಂಗಳೂರು ಕಡೆಯ ಕನ್ನಡದಲ್ಲಿ ಅದು ‘ಮನೆಗೆ ಬರ್ತೇನೆ’. ಒಂದು ಊರಿನ ಮಾತಿನ ಗುರುತು ಇರುವುದು ಇಂಥ ‘ಎ’ಕಾರ, ‘ಇ’ಕಾರಗಳಲ್ಲಿ. ‘ಮಾರಾಯ್ರೇ’ ಮೇಲಿನ ಒಗ್ಗರಣೆ ಮಾತ್ರ.

ನಮ್ಮ ಮಕ್ಕಳು ಇದನ್ನು ಕಲಿತದ್ದು ಸಿನಿಮಾ, ಟಿವಿ ಕಾಮಿಡಿ ನೋಡಿ. ಅಲ್ಲಿ ಉತ್ತರ ಕರ್ನಾಟಕದವನು ಬಂದರೆ ‘ಐತಿ’ ಅನ್ನಲೇಬೇಕು. ರಾಯಚೂರು, ಕಲಬುರಗಿ ಕಡೆ ‘ಅದ’ ಎಂಬ ಮಾತು ಎಷ್ಟು ಕೇಳುತ್ತದೆಂದು ನೋಡುವವರಿಲ್ಲ. ಮುಸಲ್ಮಾನನ ಪಾತ್ರ ಬಂದರಂತೂ ‘ನಮ್ದೂಕೆ, ನಿಮ್ದೂಕೆ’. ಬ್ಯಾರಿ ಮನೆಯಲ್ಲಿ ಉರ್ದು ಮನೆಮಾತೇ ಅಲ್ಲ. ರಾಯಚೂರಿನ ಮುಸ್ಲಿಮರ ಮನೆಗಳಲ್ಲಿ ದಖನಿ ಉರ್ದು ಉಂಟು, ನಿಜ. ಆದರೆ ಬಜಾರಿಗೆ ಬಂದು ಕನ್ನಡ ಮಾತಾಡಿದರೆ ಪಕ್ಕದ ಅಂಗಡಿಯವರು ಆಡುವ ಕನ್ನಡವೇ ಬರುತ್ತದೆ. ಒಂದೇ ಅಚ್ಚಿನ ಮಾತನ್ನು ಎಲ್ಲರ ಬಾಯಿಗೆ ತುರುಕಿದಾಗ, ಶಾಲೆಯಲ್ಲಿ ನಮ್ಮ ಮಕ್ಕಳನ್ನು ಅದೇ ಮಾತಿನಿಂದ ಕೆಣಕುತ್ತಾರೆ. ಮಗು ಬಾಯಿ ಮುಚ್ಚಿಕೊಂಡು ಕೂರುತ್ತದೆ. ನಷ್ಟ ಅಲ್ಲಿ ಆಗುವುದು.

‘ನಗಿಸಲಿಕ್ಕೆ ಮಾಡಿದ್ದು, ಇಷ್ಟು ಕೂದಲು ಸೀಳುವುದು ಯಾಕೆ?’ ಎಂದು ಕೇಳುವವರಿದ್ದಾರೆ. ನಗು ಬೇಡ ಎಂದು ನಾವು ಹೇಳುವುದಿಲ್ಲ. ಆದರೆ ಯಾರನ್ನು ನೋಡಿ ನಗುತ್ತೇವೋ ಅವರಿಗೂ ‘ಹೌದು, ಇದು ನಾವೇ’ ಅನ್ನಿಸಬೇಕು. ‘ತಿಥಿ’ ಚಿತ್ರ (2015) ನೋಡಿ. ಮಂಡ್ಯ ಕಡೆಯ ಹಳ್ಳಿಯವರೇ ನಟಿಸಿದರು, ಜನ ನಕ್ಕರು, ಮಂಡ್ಯದವರೂ ನಕ್ಕರು. ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ (2021) ಮಂಗಳೂರು ಕನ್ನಡದಲ್ಲೇ ನಡೆದು ರಾಜ್ಯದ ಎಲ್ಲ ಕಡೆ ಓಡಿತು. ಹಾಲಿವುಡ್ ನಟ ಡಿಕ್ ವಾನ್ ಡೈಕ್ 1964ರ ‘ಮೇರಿ ಪಾಪಿನ್ಸ್’ ಚಿತ್ರದಲ್ಲಿ ಲಂಡನ್ನಿನ ದುಡಿಯುವ ಜನರ ಮಾತನ್ನು ಕೆಡಿಸಿದ್ದಕ್ಕೆ 2017ರಲ್ಲಿ ಇಂಗ್ಲಿಷರ ಕ್ಷಮೆ ಕೇಳಿದರು. ಅರ್ಧಕ್ಕಿಂತ ಹೆಚ್ಚು ಶತಮಾನ ಕಳೆದರೂ ಜನ ಮರೆತಿರಲಿಲ್ಲ.

ನಮ್ಮದೇ ಭಾಷೆಯ ಉದಾಹರಣೆಯೂ ಉಂಟು. 2011ರ ‘ಬ್ಯಾರಿ’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ನಾಯಕಿ ಮಲ್ಲಿಕಾ ಅವರಿಗೂ ವಿಶೇಷ ಮನ್ನಣೆ ಸಿಕ್ಕಿತು. ಅವರು ಮಲಯಾಳಿ. ಮಲಯಾಳದ ‘ಆಮ’ ಬ್ಯಾರಿಯಲ್ಲಿ ‘ಆಮೆ’, ‘ಮೂಲ’ ನಮ್ಮಲ್ಲಿ ‘ಮೂಲೆ’. ಕೊನೆಯ ಒಂದು ಸ್ವರ ಜಾರಿದರೆ ಬ್ಯಾರಿ ಹೋಗಿ ಮಲಯಾಳ ಆಗುತ್ತದೆ. ಹೊರಗಿನ ನಟರನ್ನು ಕರೆದು ಬ್ಯಾರಿಯಲ್ಲಿ ಚಿತ್ರ ಮಾಡುವವರು ಮೊದಲು ಕಾಯಬೇಕಾದದ್ದು ಇದನ್ನೇ.

ಮದ್ರಸದಲ್ಲಿ ನಾವು ದಿನವೂ ಮಾಡುವ ಕೆಲಸವೂ ಇದೇ. ಸೂರಃ ಹೂದ್‌ನ 41ನೇ ಆಯತ್ತಿನಲ್ಲಿ ‘ಮಜ್‌ರೇಹಾ’ ಎಂಬ ಪದ ಬರುತ್ತದೆ. ಅಲ್ಲಿ ‘ಆ’ಕಾರವನ್ನು ‘ಏ’ ಕಡೆಗೆ ಬಾಗಿಸಬೇಕು. ಇದಕ್ಕೆ ಇಮಾಲ ಎನ್ನುತ್ತಾರೆ. ನಾವು ಓದುವ ಹಫ್ಸ್ ಕ್ರಮದಲ್ಲಿ ಅದು ಇರುವುದು ಆ ಒಂದೇ ಜಾಗದಲ್ಲಿ. ಮುಸ್ಹಫ್‌ನಲ್ಲಿ ಗುರುತು ಹಾಕಿರುತ್ತಾರೆ, ಆದರೆ ಗುರುತು ನೋಡಿ ಯಾವ ಮಗುವಿಗೂ ಬರುವುದಿಲ್ಲ. ಉಸ್ತಾದರ ಬಾಯಿಂದ ಕೇಳಬೇಕು, ತಿರುಗಿ ಹೇಳಬೇಕು, ತಿದ್ದಿಸಿಕೊಳ್ಳಬೇಕು. ಮಕ್ಕಳಿಗೆ ಇಷ್ಟು ಕಲಿಸುವ ನಾವು ಮಾನ್ವಿಯ ರೈತನ ಮಾತನ್ನು ಮಾತ್ರ ಕಾಗದ ನೋಡಿ ಕಲಿಸಿದೆವು. ಒಬ್ಬ ರೈತನ ಬಳಿ ಅರ್ಧ ಗಂಟೆ ಕೂರಿಸಲಿಲ್ಲ. ಆ ತಪ್ಪು ನಮ್ಮದು.

ಹೊರಗಿನವರನ್ನು ದೂರುವಾಗ ನಮ್ಮ ಮನೆಯೂ ನೆನಪಿರಲಿ. ವ್ಯಾಪಾರಕ್ಕೆಂದು ರಾಯಚೂರಿಗೆ ಬಂದ ನಮ್ಮವರು ರಾತ್ರಿ ಊಟಕ್ಕೆ ಕೂತಾಗ ಗಿರಾಕಿಗಳ ಮಾತನ್ನು ಅಣಕಿಸಿ ನಗುವುದುಂಟು. ನಾವೂ ನಕ್ಕಿದ್ದೇವೆ. ನಮ್ಮ ಮಾತನ್ನು ಅಣಕಿಸಿದರೆ ನೋವಾಗುತ್ತದೆ ಎಂದ ಮೇಲೆ ಅವರ ಮಾತಿಗೂ ಅದೇ ಮರ್ಯಾದೆ ಸಲ್ಲಬೇಕಲ್ಲವೇ?

ಶಾಲೆಯ ವಾರ್ಷಿಕೋತ್ಸವ ಇರಲಿ, ನಮ್ಮ ಹುಡುಗರು ಮೊಬೈಲಿನಲ್ಲಿ ಮಾಡುವ ಕಿರುಚಿತ್ರ ಇರಲಿ, ಬೇರೆ ಊರಿನ ಮಾತು ಬೇಕಾದರೆ ಆ ಊರಿನವರನ್ನೇ ಕೂರಿಸಿ ಹೇಳಿಸಿ, ಕೇಳಿ, ತಿದ್ದಿಸಿಕೊಳ್ಳಿ. ಸಮಯ ಇಲ್ಲವೆಂದಾದರೆ ನಟ ತನ್ನ ಮಾತಿನಲ್ಲೇ ಆಡಲಿ, ಅದರಲ್ಲಿ ಅವಮಾನ ಏನೂ ಇಲ್ಲ. ಈ ವರ್ಷ ಅದೇ ನಾಟಕವನ್ನು ಮತ್ತೆ ಆಡಿಸುತ್ತೇವೆ. ಮಾನ್ವಿಯ ಆ ಹಿರಿಯರನ್ನೇ ಮಾತು ತಿದ್ದಲು ಕರೆದಿದ್ದೇವೆ. “ಬರ್ತೀನ್ರಿ” ಅಂದಿದ್ದಾರೆ.