ಕತ್ತರಿಸಿಹೋದ ಕೊನೆಯ ದೃಶ್ಯ

2013ರ ನವೆಂಬರ್ ಕೊನೆಗೆ ಕೆ.ಎಸ್. ಅಶೋಕ ನಿರ್ದೇಶನದ '6-5=2' ಬಿಡುಗಡೆಯಾದಾಗ ಕನ್ನಡದ ಪ್ರೇಕ್ಷಕರಿಗೆ ಅದು ಹೊಸ ಬಗೆಯ ಅಂಜಿಕೆ. ಗೆಳೆಯರ ಗುಂಪೊಂದು ಪಶ್ಚಿಮಘಟ್ಟದ ಕಾಡಿಗೆ ಚಾರಣ ಹೋಗುತ್ತದೆ, ಜೊತೆಗೊಂದು ಕ್ಯಾಮೆರಾ ಒಯ್ಯುತ್ತದೆ. ಆ ಕ್ಯಾಮೆರಾ ಕಂಡಷ್ಟೇ ನಮಗೂ ಕಾಣುತ್ತದೆ. ಹೆಸರಾಂತ ತಾರೆಯರಿಲ್ಲ. ಆದರೂ ಚಿತ್ರ ಗೆದ್ದಿತು, ಮರುವರ್ಷ ಹಿಂದಿಗೂ ಹೋಯಿತು.

ಈ ಬಗೆಯ ಚಿತ್ರಗಳನ್ನು ಫೌಂಡ್ ಫುಟೇಜ್ ಎನ್ನುತ್ತಾರೆ. ಚಿತ್ರೀಕರಿಸಿದವರು ಸತ್ತಿದ್ದಾರೆ ಇಲ್ಲವೇ ಕಾಣೆಯಾಗಿದ್ದಾರೆ, ಅವರು ಬಿಟ್ಟುಹೋದ ವಿಡಿಯೊ ಯಾರಿಗೋ ಸಿಕ್ಕಿದೆ, ಅದನ್ನೇ ನಿಮ್ಮ ಮುಂದಿಟ್ಟಿದ್ದೇವೆ ಎಂಬುದು ಇವುಗಳ ಕಟ್ಟು. ಕೈ ನಡುಗುತ್ತಿರುತ್ತದೆ, ಬೆಳಕು ಸಾಲದು, ನಡೆಯಬೇಕಾದದ್ದು ಚೌಕಟ್ಟಿನ ಆಚೆ ನಡೆದುಬಿಡುತ್ತದೆ. ಬೇರೆ ಸಿನಿಮಾದಲ್ಲಿ ದೋಷ ಎನಿಸಿಕೊಳ್ಳುವ ಇವೇ ಇಲ್ಲಿ ಸಾಕ್ಷಿಗಳು. ಇಷ್ಟು ಕೆಟ್ಟದಾಗಿ ತೆಗೆದದ್ದು ಸುಳ್ಳಾಗಿರಲಾರದು ಎಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಹಾಗಾಗಿ ನಾವು ಹೆದರುವುದು ದೆವ್ವಕ್ಕಿಂತ ಹೆಚ್ಚಾಗಿ ಆ ದಾಖಲೆಗೆ. ಪರದೆಯ ಮೇಲಿನ ದೆವ್ವವನ್ನು ನಂಬದವರೂ ಕ್ಯಾಮೆರಾವನ್ನು ನಂಬುತ್ತಾರೆ.

ಆ ನಂಬಿಕೆಯನ್ನು ಕಲೆ ಎಲ್ಲಿಯವರೆಗೆ ಬಳಸಿಕೊಳ್ಳಬಹುದು ಎಂಬುದೇ ನನ್ನ ಪ್ರಶ್ನೆ. ಕತೆ ದಾಖಲೆಯ ವೇಷ ಹಾಕಿದರೆ ನನ್ನ ತಕರಾರಿಲ್ಲ. ಅದು ವೇಷವೆಂದು ತಿಳಿಯುವ ದಾರಿಯನ್ನೇ ಮುಚ್ಚಿಬಿಟ್ಟರೆ ತಕರಾರಿದೆ.

ಈ ದಾರಿಯನ್ನು ಮುಚ್ಚಿದವರಲ್ಲಿ ಮೊದಲು ನೆನಪಾಗುವವರು 1999ರ 'ಬ್ಲೇರ್ ವಿಚ್ ಪ್ರಾಜೆಕ್ಟ್'ನವರು. ಮೂವರು ನಟರು ತಮ್ಮ ನಿಜ ಹೆಸರಿನಲ್ಲೇ ನಟಿಸಿದರು, ಕ್ಯಾಮೆರಾವನ್ನೂ ತಾವೇ ಹಿಡಿದರು. ಪ್ರಚಾರದವರು ಈ ಮೂವರು ಕಾಡಿನಲ್ಲಿ ಕಾಣೆಯಾಗಿದ್ದಾರೆಂದು ವೆಬ್‌ಸೈಟ್ ಮಾಡಿ ಸಾರಿದರು. ನಟಿ ಹೆದರ್ ಡೊನಾಹ್ಯೂ ಬದುಕಿದ್ದರೂ ಅವರ ತಾಯಿಗೆ ಸಾಂತ್ವನದ ಪತ್ರಗಳು ಬಂದವು. ಚಿತ್ರ ಸುಮಾರು 25 ಕೋಟಿ ಡಾಲರ್ ಗಳಿಸಿತು. ಅದಕ್ಕೂ ಮೊದಲು, 1980ರ 'ಕ್ಯಾನಿಬಲ್ ಹೊಲೊಕಾಸ್ಟ್' ಎಂಬ ಇಟಲಿಯ ಚಿತ್ರದಲ್ಲಿ ನಟರು ನಿಜವಾಗಿ ಸತ್ತಿದ್ದಾರೆಂಬ ಅನುಮಾನ ಬಂದು, ಅವರು ಬದುಕಿದ್ದಾರೆಂದು ತೋರಿಸುವ ಹೊಣೆ ನಿರ್ದೇಶಕ ರುಜೆರೊ ಡಿಯೊಡಾಟೊ ಮೇಲೆ ಬಿದ್ದಿತ್ತು. ಇವನ್ನು ಪ್ರಚಾರದ ಜಾಣತನವೆಂದು ಇಂದಿಗೂ ಹೊಗಳುವವರಿದ್ದಾರೆ. ಮಗಳು ಬದುಕಿರುವಾಗಲೇ ತಾಯಿಗೆ ಸಾಂತ್ವನದ ಪತ್ರ ತಲುಪಿಸುವ ಜಾಣತನವನ್ನು ನಾನು ಹೊಗಳಲಾರೆ.

ಸುಳ್ಳೆಂದು ಮೊದಲೇ ಹೇಳಿಬಿಟ್ಟರೆ ಹೆದರಿಕೆ ಎಲ್ಲಿ ಉಳಿಯಿತು ಎಂದು ಕೇಳುವವರಿದ್ದಾರೆ. ಈ ಮಾತಿಗೆ ತೂಕವಿಲ್ಲವೆನ್ನಲಾರೆ, ಆದರೆ ನಮ್ಮ ಕಡೆಯ ರಂಗಭೂಮಿಯನ್ನು ಕಂಡವರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ನಾಟಕ ನೋಡಲು ಕೂತವರಿಗೆ ಅಶ್ವತ್ಥಾಮ ಯಾರ ಮನೆಯ ಮಗ, ಹಗಲು ಯಾವ ಹೊಲದಲ್ಲಿ ದುಡಿಯುತ್ತಾನೆ ಎಂಬುದೆಲ್ಲ ಗೊತ್ತಿರುತ್ತದೆ. ಆದರೂ ಅವನು ಮಲಗಿದ ಉಪಪಾಂಡವರ ಡೇರೆ ಹೊಕ್ಕಾಗ ಹೆಂಗಸರು ಮಕ್ಕಳನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ತಂತ್ರಜ್ಞಾನದ ಸಿನಿಮಾದಲ್ಲೂ ಇದಕ್ಕೆ ಪುರಾವೆ ಇದೆ. 2020ರಲ್ಲಿ ಊರೂರು ಬೀಗ ಹಾಕಿಕೊಂಡು ಕೂತಿದ್ದಾಗ ಬಂದ ರಾಬ್ ಸ್ಯಾವೇಜ್ ನಿರ್ದೇಶನದ 'ಹೋಸ್ಟ್' ಪೂರ್ತಿ ಒಂದು ಜೂಮ್ ಕರೆಯಲ್ಲೇ ನಡೆಯುತ್ತದೆ. ಗೆಳೆಯರು ತಮ್ಮ ತಮ್ಮ ಮನೆಯಲ್ಲಿ ಕೂತು ಸತ್ತವರನ್ನು ಕರೆಯುತ್ತಾರೆ. ನಿರ್ದೇಶಕ ದೂರದಲ್ಲಿದ್ದುಕೊಂಡೇ ಚಿತ್ರಿಸಿದ, ಬೆಳಕು ಹೊಂದಿಸಿಕೊಂಡವರು ನಟರೇ. ಒಂದು ಗಂಟೆಗೂ ಕಡಿಮೆ ಅವಧಿಯ ಆ ಚಿತ್ರ ಕಟ್ಟುಕತೆ ಎಂದು ನೋಡುವವರಿಗೆಲ್ಲ ಗೊತ್ತಿತ್ತು. ಆದರೂ ಅದು ಹೆದರಿಸಿತು, ಏಕೆಂದರೆ ಅಂಥದೇ ಪರದೆಯ ಮುಂದೆ ಅವರೂ ಹಗಲೆಲ್ಲ ಕೂತಿದ್ದರು. ದಿನವೂ ಕೈಯಲ್ಲಿ ಹಿಡಿಯುವ ವಸ್ತುವಿನೊಳಗೆ ಅಂಜಿಕೆಯನ್ನು ಕೂರಿಸಿದರೆ ಸಾಕು, ಇದು ನಿಜ ಘಟನೆ ಎಂಬ ಫಲಕ ಬೇಕಾಗುವುದಿಲ್ಲ.

ಇದು ಟಾಕೀಸಿನೊಳಗಿನ ಮಾತು. ಅಲ್ಲಿ ಟಿಕೆಟ್ ಇದೆ, ಶೀರ್ಷಿಕೆ ಇದೆ, ಕೊನೆಗೆ ನಟರ ಹೆಸರಿದೆ. ಅದೇ ಕಲೆ ಮೊಬೈಲಿಗೆ ಇಳಿದಾಗ ಇವೆಲ್ಲ ಕಳಚಿಬೀಳುತ್ತವೆ.

2016ರಲ್ಲಿ ಕರಾಚಿಯ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ ಮಕ್ಕಳ ರಕ್ಷಣೆಗಾಗಿ ಒಂದು ಕಿರುಚಿತ್ರ ಮಾಡಿಸಿತು. ಓಣಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ, ಬೈಕಿನ ಮೇಲೆ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಸಿಸಿಟಿವಿಯಲ್ಲಿ ಸೆರೆಯಾದಂತೆ ತೆಗೆದಿದ್ದಾರೆ, ಅಂದರೆ ಕಟ್ಟು ಫೌಂಡ್ ಫುಟೇಜಿನದೇ. ಆದರೆ ಅದನ್ನು ಮಾಡಿದವರು ಪ್ರಾಮಾಣಿಕರು. ಕೊನೆಗೆ ಅದೇ ಬೈಕು ತಿರುಗಿ ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಮಗು ಕದಿಯಲು ಒಂದು ಗಳಿಗೆ ಸಾಕು ಎಂಬ ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. 2018ರ ಬೇಸಿಗೆಯಲ್ಲಿ ಉಳಿದ ತುಂಡು 'ನಮ್ಮ ಊರಿಗೆ ಮಕ್ಕಳ ಕಳ್ಳರು ಬಂದಿದ್ದಾರೆ' ಎಂಬ ಮಾತು ಹೊತ್ತು ದಕ್ಷಿಣ ಭಾರತದ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ತಿರುಗಿತು.

ಆ ವರ್ಷ ಜುಲೈ 13ರಂದು ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದ ಸ್ನೇಹಿತರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಕಳ್ಳರೆಂಬ ಸುದ್ದಿ ಅವರ ಕಾರಿಗಿಂತ ಮೊದಲು ಮುರ್ಕಿ ಗ್ರಾಮ ಮುಟ್ಟಿತು. ಜನ ರಸ್ತೆಗೆ ಅಡ್ಡಗಟ್ಟಿದರು, ಕಾರು ಉರುಳಿತು, ಗುಂಪು ಮೇಲೆಬಿತ್ತು. ಸಾಫ್ಟ್‌ವೇರ್ ಕೆಲಸದ ಯುವಕನೊಬ್ಬ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಆ ಹೊಡೆತವನ್ನೂ ಮೊಬೈಲಿನಲ್ಲಿ ಚಿತ್ರಿಸಿಕೊಂಡವರಿದ್ದರು.

ಮುರ್ಕಿಯ ಜನರನ್ನು ದಡ್ಡರೆಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ತೊಂಬತ್ತರ ದಶಕದಲ್ಲಿ ಬಾಗಿಲಿಗೆ 'ನಾಳೆ ಬಾ' ಎಂದು ಬರೆದ ಕರ್ನಾಟಕದ ಊರುಗಳು ಬಾಯಿಮಾತನ್ನಷ್ಟೇ ನಂಬಿದ್ದವು. ದೆವ್ವ ಬಂದರೆ ಬರಹ ಓದಿ ಹಿಂದಿರುಗುತ್ತದೆ ಎಂಬ ಆ ನಂಬಿಕೆಯಿಂದ ಯಾರ ಪ್ರಾಣಕ್ಕೂ ಅಪಾಯವಿರಲಿಲ್ಲ, ಬಾಗಿಲಿಗೆ ಸೀಮೆಸುಣ್ಣ ಬಿತ್ತು ಅಷ್ಟೇ. ಬಾಯಿಮಾತನ್ನು ಅರ್ಧ ನಂಬಿ ಅರ್ಧ ಬಿಡುವ ಅಭ್ಯಾಸ ನಮಗೆ ಹಿಂದಿನಿಂದ ಇದೆ. ಕಣ್ಣಿಗೆ ಕಂಡ ವಿಡಿಯೊವನ್ನು ಹಾಗೆ ಅರ್ಧ ಬಿಡುವುದನ್ನು ನಮಗೆ ಯಾರೂ ಕಲಿಸಲಿಲ್ಲ.

ಸಿಕ್ಕ ದಾಖಲೆಯನ್ನು ನಂಬುವ ಕ್ರಮ ಹೇಗಿರಬೇಕೆಂಬುದಕ್ಕೆ ನಮ್ಮ ಮಸ್ಕಿಯ ಗುಡ್ಡದಲ್ಲೇ ಒಂದು ಪಾಠವಿದೆ. 1915ರ ಜನವರಿಯಲ್ಲಿ ಸಿ. ಬೀಡನ್ ಎಂಬ ಇಂಜಿನಿಯರ್ ಚಿನ್ನದ ಅದಿರು ಹುಡುಕುತ್ತ ಬಂದಾಗ ಬಂಡೆಯ ಮೇಲೆ ಅಕ್ಷರ ಕಂಡ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಇದ್ದ ರಾಜನಿಗೆ ಇಲ್ಲಿ 'ಅಶೋಕ' ಎಂಬ ಹೆಸರೂ ಸಿಕ್ಕಿತು. ಆದರೆ ಕಲ್ಲಿನ ಮೇಲೆ ಕಂಡಿತೆಂಬ ಒಂದೇ ಕಾರಣಕ್ಕೆ ಅದನ್ನು ಯಾರೂ ಒಪ್ಪಿಬಿಡಲಿಲ್ಲ. ಬ್ರಾಹ್ಮಿಯನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿದ್ದ. ಪ್ರಿಯದರ್ಶಿ ಎಂದರೆ ಅಶೋಕ ಎಂಬುದು ಸಿಂಹಳದ ಗ್ರಂಥಗಳಿಂದ ಆಗಲೇ ಗೊತ್ತಾಗಿತ್ತು. ಇದೇ ಪಾಠದ ಶಾಸನಗಳು ರೂಪನಾಥ, ಸಹಸ್ರಾಮ್‌ಗಳಲ್ಲೂ ಚಿತ್ರದುರ್ಗದ ಬ್ರಹ್ಮಗಿರಿಯಲ್ಲೂ ಇದ್ದವು. ಎಚ್. ಕೃಷ್ಣಶಾಸ್ತ್ರಿಗಳು ಇವನ್ನೆಲ್ಲ ಮುಂದಿಟ್ಟುಕೊಂಡು ಸಾಲು ಸಾಲು ಹೋಲಿಸಿ ನಿಜಾಮರ ಪುರಾತತ್ವ ಇಲಾಖೆಗಾಗಿ ಮಸ್ಕಿಯ ಪಾಠವನ್ನು ಪ್ರಕಟಿಸಿದರು. ಯಾರು ಬರೆಸಿದ್ದು, ಎಲ್ಲಿ ಒಡೆದಿದೆ, ಯಾವ ಅಕ್ಷರ ಅಳಿಸಿದೆ ಎಂಬುದನ್ನೆಲ್ಲ ಕೇಳಿದ ಮೇಲೆ ಬಂದ ನಂಬಿಕೆ ಅದು.

ಫೌಂಡ್ ಫುಟೇಜ್ ಚಿತ್ರಗಳ ಪರವಾಗಿ ನಾನು ಮಾತಾಡುವುದು ಇಲ್ಲಿಯೇ. ಒಳ್ಳೆಯ ಚಿತ್ರ ಇಂಥದೇ ಪ್ರಶ್ನೆಗಳನ್ನು ನಮ್ಮ ಬಾಯಿಂದ ಕೇಳಿಸುತ್ತದೆ. ಕ್ಯಾಮೆರಾ ಹಿಡಿದವನು ಯಾರು? ಗೆಳೆಯ ಬಿದ್ದಾಗಲೂ ಅವನೇಕೆ ಚಿತ್ರಿಸುತ್ತಲೇ ಇದ್ದಾನೆ? ವಿಡಿಯೊ ಇಲ್ಲಿಗೇ ನಿಂತದ್ದೇಕೆ? ಹಾಗೆ ಕೇಳಲು ಕಲಿತ ಹುಡುಗ ಗ್ರೂಪಿಗೆ ಬಂದ ತುಣುಕು ನೋಡಿದಾಗಲೂ ಕೇಳಿಯಾನು. ಮುರ್ಕಿ ಘಟನೆ ನಡೆದ ತಿಂಗಳಲ್ಲೇ ವಾಟ್ಸ್‌ಆ್ಯಪ್ 'ಫಾರ್ವರ್ಡೆಡ್' ಎಂಬ ಗುರುತು ತಂದಿತು, ಭಾರತದಲ್ಲಿ ಒಮ್ಮೆಗೆ ಐದೇ ಕಡೆಗೆ ಕಳಿಸುವ ಮಿತಿಯನ್ನೂ ಘೋಷಿಸಿತು. ಒಳ್ಳೆಯ ಕ್ರಮವೇ. ಆದರೆ ಕೊನೆ ಕತ್ತರಿಸಿದ ತುಂಡು ಐದು ಕಡೆ ಹೋದರೂ ತುಂಡೇ. ಈಗಂತೂ ವಿಡಿಯೊ ತಯಾರಿಸಲು ಕ್ಯಾಮೆರಾವೂ ಬೇಕಿಲ್ಲ.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹುಡುಗರ ಕೈಯಲ್ಲಿ ಮೊಬೈಲಿದೆ, ಎಡಿಟ್ ಮಾಡುವ ಆ್ಯಪ್ ಇದೆ. ಇಂದಲ್ಲ ನಾಳೆ ಅವರಲ್ಲೊಬ್ಬರು ಇಂಥ ಚಿತ್ರ ಮಾಡುತ್ತಾರೆ, ಮಾಡಲಿ ಎಂದೇ ನನ್ನ ಆಸೆ. ಅವರಲ್ಲಿ ಕೇಳಿಕೊಳ್ಳುವುದಿಷ್ಟು. ಮೊದಲ ಫಲಕದಲ್ಲಿ 'ನಿಜ ಘಟನೆ' ಎಂದು ಬರೆಯಬೇಡಿ. ಇದು ಸಿನಿಮಾ ಎಂಬ ಮಾತನ್ನು ಕೊನೆಗೆ ಉಳಿಸಿಕೊಳ್ಳಬೇಡಿ, ಕೊನೆಯನ್ನು ಯಾರು ಬೇಕಾದರೂ ಕತ್ತರಿಸುತ್ತಾರೆ. ಸ್ಟೇಟಸ್ಸಿಗೆಂದು ಬಿಡುವ ಒಂದೊಂದು ತುಣುಕಿನ ಮೇಲೂ ಚಿತ್ರದ ಹೆಸರು, ನಿಮ್ಮ ಊರಿನ ಹೆಸರು ಅಳಿಸಲಾಗದಂತೆ ಕೂರಿಸಿ. ಆಮೇಲೆ ಎಷ್ಟು ಬೇಕೋ ಅಷ್ಟು ಹೆದರಿಸಿ.